ಕೂಡಿಸಿ ಹೇಳಿದ ಮೂರು ಸೆಕೆಂಡು

ಮೂವತ್ತೊಂದು ವರ್ಷ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಬೈಗುಳಕ್ಕೆ ಹೆಸರಾದವನು. ಹೊಗಳಿದರೆ ಮಕ್ಕಳು ಕೆಡುತ್ತಾರೆ ಅನ್ನೋದನ್ನ ಯಾರು ನನ್ನ ತಲೆಗೆ ತುಂಬಿದರೋ, ಅವರ ಮನೆ ಹಾಳಾಗ.

ಕಡ್ಡಿ ಅನ್ನೋ ಹುಡುಗಿ ನನ್ನ ಕೈಗೆ ಸಿಕ್ಕಾಗ ಎಂಟನೇ ಕ್ಲಾಸು. ಅವಳ ಮೈ ಕಂಡು ನಾನೇ ಇಟ್ಟ ಹೆಸರು ಅದು. ಶಾಲೆಯ ಓಟದಲ್ಲಿ ಅವಳಿಗೆ ಬೇಕಾಗಿದ್ದು ಇಷ್ಟೇ, ಜೊತೆಯ ಹುಡುಗಿಯರನ್ನು ಹಿಂದೆ ಹಾಕಿ ನಗಾಡೋದು. ಗೆದ್ದರೆ ತಲೆಗೆ ಒಂದು ಬಕೆಟ್ ನೀರು ಸುರಿದುಕೊಂಡು ಕುಣಿಯುತ್ತಿದ್ದಳು. ಜಿಲ್ಲಾ ಮಟ್ಟಕ್ಕೆ ಹೋದಮೇಲೆ ಆ ಕುಣಿತ ನಿಂತಿತು. ಓಟ ಮುಗಿದದ್ದೇ ತಡ, ಏದುಸಿರು ಬಿಡುತ್ತಾ ಬಂದು ನನ್ನ ಮುಖ ನೋಡುತ್ತಾ ನಿಲ್ಲುವಳು. ಟೈಮು ಕೇಳೋಕೆ ಅಂದುಕೊಂಡೆ, ದಡ್ಡ ನಾನು.

ರಾಜ್ಯ ಮಟ್ಟದ ಆಯ್ಕೆಗೆ ಎಂಟುನೂರು ಮೀಟರನ್ನು ಎರಡು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಬೇಕಿತ್ತು. ಕಡ್ಡಿ ಎರಡು ಹದಿನೆಂಟಕ್ಕೇ ಮುಗಿಸುತ್ತಿದ್ದಳು. ನಾನು ಸ್ಟಾಪ್‌ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮೂರು ಸೆಕೆಂಡು ಕೂಡಿಸಿ ಎರಡು ಇಪ್ಪತ್ತೊಂದು ಅನ್ನುತ್ತಿದ್ದೆ. ಛಲ ಬರಲಿ ಅಂತ. ಆಯ್ಕೆಯ ಬೆಳಿಗ್ಗೆ ನಿಜ ಹೇಳಿದರೆ ಹುಡುಗಿಗೆ ರೆಕ್ಕೆ ಬಂದ ಹಾಗಾಗುತ್ತೆ ಅಂತ ಒಳಗೊಳಗೇ ಬೀಗುತ್ತಿದ್ದೆ ಬೇರೆ.

ಆಯ್ಕೆಗೆ ಎರಡು ದಿನ ಇರುವಾಗ ಅವಳಪ್ಪ ಬಂದು, ಶಾಲೆಯಿಂದ ಕೊಟ್ಟಿದ್ದ ಓಟದ ಶೂ ವಾಪಸ್ ಕೊಟ್ಟರು. ಮಗಳು ಊಟ ಬಿಟ್ಟು ಕೂತಿದ್ದಾಳಂತೆ, ತನ್ನ ಕೈಲಿ ಆಗಲ್ಲ ಅಂತಾಳಂತೆ. ಆಗಲಾದರೂ ಬಾಯಿ ಬಿಡಬೇಕಿತ್ತು. ಬದಲಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಮೈ ಮುರಿದು ಕಲಿಸಿದವನಿಗೆ ಈ ಮರ್ಯಾದೆಯಾ ಅಂತ ಶೂಗಳನ್ನು ಬೀರುವಿಗೆಸೆದು ಬೀಗ ಹಾಕಿದೆ. ನಿಜ ಹೇಳಿದರೆ ನನ್ನ ಸುಳ್ಳೂ ಹೊರಬೀಳುತ್ತಿತ್ತಲ್ಲ, ಆ ಅಳುಕೂ ಇತ್ತು.

ಮೊನ್ನೆ ಮಂಡಿ ಆಪರೇಷನ್ ಆದಮೇಲೆ ಫಿಸಿಯೋಥೆರಪಿ ಕೋಣೆಗೆ ಕರೆದುಕೊಂಡು ಹೋದರು. ನೋಡಿದರೆ ವ್ಯಾಯಾಮ ಮಾಡಿಸುವವಳು ನಮ್ಮ ಕಡ್ಡಿ. ಕೂದಲು ಅಲ್ಲಲ್ಲಿ ನರೆತಿದೆ, ಮೈ ಮಾತ್ರ ಹಾಗೇ ಇದೆ. ಪಕ್ಕದ ಮಂಚದ ಅಜ್ಜಿ ಕಾಲನ್ನು ಗೇಣುದ್ದ ಎತ್ತಿದರೂ ಸಾಕು, ಭೇಷ್ ಅಜ್ಜಿ, ಭೇಷ್ ಅನ್ನುತ್ತಿದ್ದಳು. ಅದನ್ನು ಕೇಳುತ್ತಾ ಮಲಗಿದ್ದೆ. ಅವಳು ನನ್ನ ಹತ್ತಿರ ಬಂದಾಗ ಆ ಮೂರು ಸೆಕೆಂಡಿನ ವಿಷಯ ಎಲ್ಲಾ ಹೇಳಿಬಿಟ್ಟೆ.

ಅವಳ ಕೈ ನನ್ನ ಮಂಡಿಯ ಮೇಲೆ ಹಾಗೇ ನಿಂತಿತು.

"ರಾಜ್ಯ ಮಟ್ಟ ಯಾರಿಗೆ ಬೇಕಿತ್ತು ಸರ್? ನೀವು ಒಂದೇ ಒಂದು ಸಲ ಚೆನ್ನಾಗಿ ಓಡಿದೆ ಅನ್ನಲಿ ಅಂತ ಓಡ್ತಿದ್ದೆ. ಅಷ್ಟು ಓಡಿದರೂ ಅನ್ನಲಿಲ್ಲ. ನನ್ನಲ್ಲೇ ಏನೂ ಇಲ್ಲ ಅಂದುಕೊಂಡೆ."

ತಪ್ಪಾಯಿತು ತಾಯಿ ಅಂದೆ. ಅವಳು, ಕಾಲು ಎತ್ತಿ ಅಂದಳು. ಹಲ್ಲು ಕಚ್ಚಿ ಎತ್ತಿದೆ. ಹತ್ತು ಸಲ, ಒಂದೂ ತಪ್ಪದೆ ಎಣಿಸಿದಳು. ಮುಗಿದಮೇಲೆ ನಾನು ಅವಳ ಮುಖ ನೋಡುತ್ತಾ ಇದ್ದೆ. ಅವಳು ಮುಂದಿನ ಮಂಚಕ್ಕೆ ಹೋದಳು.