ಬಾಗಿಲು ತೋರಿಸುವ ಸೊಟ್ಟ ಬೆರಳು

ನಮ್ಮ ಡಾಕ್ಟರಮ್ಮನ ಎಡಗೈಯ ತೋರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಒರಳುಕಲ್ಲಿಗೆ ಸಿಕ್ಕಿ ಮುರಿದದ್ದು. ಮೂಳೆ ಹೇಗೆ ಕೂಡಿಕೊಂಡಿತೋ ಹಾಗೇ ಉಳಿಯಿತು. ಆ ಬೆರಳಿನಲ್ಲಿ ಅವರು ಬಾಗಿಲು ತೋರಿಸಿದರೆ ಅದು ಗೋಡೆಯ ಕ್ಯಾಲೆಂಡರ್ ತೋರಿಸುತ್ತಿತ್ತು. ಹೊಸಬರು ಕ್ಯಾಲೆಂಡರ್ ನೋಡುತ್ತಾ ಕೂತೇ ಇರುತ್ತಿದ್ದರು. ಹಿಂದೂಪುರದ ಹಳಬರಿಗೆ ಮಾತ್ರ ಗೊತ್ತು, ರೋಗಿಯ ಜೊತೆ ಬಂದವರು ಎದ್ದು ಹೊರಗಿನ ಕಲ್ಲುಬೆಂಚಿಗೆ ಹೋಗಬೇಕು ಅಂತ.

ನಾನು ಓದಿದವಳಲ್ಲ. ಅಕ್ಷರ ಕೂಡಿಸಿ ಬರೆಯುತ್ತೇನೆ, ಅಷ್ಟೆ. ಆಯಮ್ಮನ ಬಗ್ಗೆ ಬೇರೆ ಯಾರೂ ಬರೆಯಲಿಲ್ಲ, ಅದಕ್ಕೆ ಕೂತಿದ್ದೇನೆ.

ಮೊದಲ ಸಲ ಹೋದಾಗ ನನಗಿನ್ನೂ ಚಿಕ್ಕ ವಯಸ್ಸು. ಮುಟ್ಟು ನಿಲ್ಲದೆ ಸುರಿಯುತ್ತಿತ್ತು. ಬೇರೆ ಆಸ್ಪತ್ರೆಯವರು ಗರ್ಭಕೋಶ ತೆಗೆಸಿಬಿಡಿ ಎಂದಿದ್ದರು. ಗಂಡ ಹೂಂ ಎಂದಿದ್ದ, ಅತ್ತೆಯೂ ಹೂಂ ಎಂದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕು ಅಂತ ನನಗೂ ಅನ್ನಿಸಿರಲಿಲ್ಲ. ನಮ್ಮ ಕಡೆ ಹಾಗೇ. ಹೆಂಗಸಿನ ಹೊಟ್ಟೆನೋವನ್ನು ಗಂಡ ಹೇಳುತ್ತಾನೆ, ಹೆಂಗಸು ಸೆರಗು ಬಿಗಿಹಿಡಿದು ಕೂತಿರುತ್ತಾಳೆ. ಆಪರೇಷನ್ನಿಗೆ ಮುಂಚೆ ರಕ್ತ ಏರಬೇಕು, ಇಂಜೆಕ್ಷನ್ ಹಾಕಿಸಿಕೊಂಡು ಬನ್ನಿ ಎಂದಿದ್ದಕ್ಕೆ ನಾವು ಈ ಡಾಕ್ಟರಮ್ಮನ ಹತ್ತಿರ ಹೋದದ್ದು.

ಗಂಡ ಹೇಳಿದ್ದನ್ನೆಲ್ಲಾ ಅವರು ಕೇಳಿಸಿಕೊಂಡರು. "ಏನಪ್ಪ, ನೋವು ನಿಂಗಾ ಇವಳಿಗಾ?" ಎಂದರು. ಇವಳಿಗೆ ಎಂದ. "ಹಂಗಾದ್ರೆ ಬಯಟ ಕೂರ್ಚೋಂಡಿ," ಎಂದು ತೆಲುಗಿನಲ್ಲಿ ಮರ್ಯಾದೆಯಾಗಿಯೇ ಅವನನ್ನೂ ಅತ್ತೆಯನ್ನೂ ಹೊರಗೆ ಕಳಿಸಿದರು. ಅತ್ತೆ ಗೊಣಗುತ್ತಾ ಹೋದರು.

"ಈಗ ಕೇಳು. ತೆಗುದ್ರೆ ಏನಾಯ್ತದೆ, ತೆಗೀದಿದ್ರೆ ಏನಾಯ್ತದೆ, ನಾನು ಹೇಳ್ತೀನಿ. ಬೇಕೋ ಬ್ಯಾಡ್ವೋ ನೀನು ಹೇಳು."

ಬೇಕೋ ಬೇಡವೋ ಎಂದು ನನ್ನನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಮದುವೆಗೂ ಕೇಳಿರಲಿಲ್ಲ. ಅಳು ಬಂದುಬಿಟ್ಟಿತು. ಅಳೋದು ಆಮೇಲೆ, ಹೊರಗೆ ಜನ ಕಾಯುತ್ತಿದ್ದಾರೆ ಎಂದರು. ಎರಡನ್ನೂ ಬಿಡಿಸಿ ಹೇಳಿದ ಮೇಲೆ ಬೇಡ ಎಂದೆ. ಮಾತ್ರೆಯಲ್ಲೇ ವಾಸಿಯಾಯಿತು. ಗರ್ಭಕೋಶ ಈಗಲೂ ನನ್ನಲ್ಲೇ ಇದೆ, ನನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ.

ಹಾಗಂತ ಡಾಕ್ಟರಮ್ಮ ಮೆತ್ತಗಿನ ಹೆಂಗಸಲ್ಲ. ಗೋರಂಟ್ಲದಿಂದ ಬರುತ್ತಿದ್ದ ಒಬ್ಬಳು ತನಗೆ ಕೊಟ್ಟ ಬಿಪಿ ಮಾತ್ರೆಯನ್ನು ತಲೆಸುತ್ತು ಎಂದ ವಾರಗಿತ್ತಿಗೂ ಪಕ್ಕದ ಮನೆಯವಳಿಗೂ ಹಬ್ಬದ ಒಬ್ಬಟ್ಟಿನ ಹಾಗೆ ಹಂಚಿ ಬಂದಿದ್ದಳು. ಡಾಕ್ಟರಮ್ಮ ತಮ್ಮ ಕುರ್ಚಿ ಬಿಟ್ಟು ಎದ್ದರು. "ಬಾರಮ್ಮ, ನೀನೇ ಕೂತ್ಕೋ. ನಾನು ಹೋಗಿ ನಿನ್ನ ಹೊಲದಾಗೆ ಕಳೆ ಕೀಳ್ತೀನಿ." ಬಾಗಿಲಲ್ಲಿ ಕಾಯುತ್ತಿದ್ದ ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. "ಕೇಳೋದು ನಿನ್ನ ಹಕ್ಕು. ನಿಜ ಹೇಳೋದು, ಹೇಳ್ದಂಗೆ ನುಂಗೋದು ನಿನ್ನ ಕೆಲಸ. ಒಂದನ್ನೇ ಹಿಡ್ಕಂಡು ಬರಬ್ಯಾಡ ಕಣಮ್ಮ."

ಗೋಡೆಯ ಮೇಲೆ ರೋಗಿಗಳ ಹಕ್ಕು ಅಂತ ತೆಲುಗಿನ ಬೋರ್ಡು ಇತ್ತು. ಓದಲು ಬಾರದವರೇ ಹೆಚ್ಚು ಬರುತ್ತಿದ್ದರು. ಅದಕ್ಕೆ ದಿನಾ ಬೆಳಿಗ್ಗೆ ತಾವೇ ಅದನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಹೇಳಿ, ಆಮೇಲೆ ಮೊದಲ ರೋಗಿಯನ್ನು ಕರೆಯುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಕಲ್ಯಾಣದುರ್ಗದಲ್ಲಿ ಅಂಗಡಿ ಇಟ್ಟಿರುವ ಮಗ ಅಲ್ಲಿನ ಆಸ್ಪತ್ರೆಗೆ ಸೇರಿಸಿದ. ನನ್ನ ತವರು ಅದರ ಹತ್ತಿರದ ಬ್ರಹ್ಮಸಮುದ್ರ. ಅಲ್ಲಿಗೆ ಹೋಗಿದ್ದವಳು ಬಸ್ಸು ಹತ್ತಿ ನೋಡಲು ಹೋದೆ.

ಒಣಗಿದ ಜಾಲಿ ಕಡ್ಡಿಯ ಹಾಗೆ ಮಲಗಿದ್ದರು. ಕಣ್ಣು ಮಾತ್ರ ಅವರದೇ. ನನ್ನ ಗುರುತು ಸಿಕ್ಕಿತು. ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಮಂಚದ ಈ ಕಡೆ ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು, ಆ ಕಡೆ ಮಗ. ಮಾತೆಲ್ಲ ಇವರ ಮೈಮೇಲಿಂದ ಆ ಕಡೆ ಈ ಕಡೆ ಹೋಗುತ್ತಿತ್ತು. ಊಟಕ್ಕೆ ಮೂಗಿನಲ್ಲಿ ಟ್ಯೂಬು ಹಾಕಬೇಕು, ಇಲ್ಲದಿದ್ದರೆ ಹೆಚ್ಚು ದಿನ ಇರುವುದಿಲ್ಲ ಎಂದರು. ಒಮ್ಮೆ ಹಾಕಿದ್ದನ್ನು ಇವರು ಕಿತ್ತು ಎಸೆದಿದ್ದರಂತೆ. ಈ ಸಲ ಕೈ ಕಟ್ಟಿ ಹಾಕೋಣವೇ ಎಂದು ಡಾಕ್ಟರು ಮಗನನ್ನು ಕೇಳಿದರು. ಮಗ ಹೂಂ ಎಂದ.

ಆಗ ಎಡಗೈ ಎದ್ದಿತು. ಸೊಟ್ಟ ಬೆರಳು ಕಿಟಕಿ ತೋರಿಸಿತು. ಗಾಳಿ ಬೇಕೇನೋ ಎಂದು ಡಾಕ್ಟರು ಕಿಟಕಿ ತೆಗೆದರು.

"ಕಿಟಕಿ ಅಲ್ಲಪ್ಪ," ಎಂದೆ. "ಬಾಗಿಲು ತೋರಿಸ್ತಾವ್ರೆ. ಅವ್ರನ್ನೇ ಕೇಳು. ಕಿವಿ ಕೇಳ್ತದೆ, ತಲೆ ಆಡ್ತದೆ."

ಮಗನಿಗೆ ತಿಳಿಯಿತು. ಆ ಬೆರಳು ನೋಡುತ್ತಲೇ ಬೆಳೆದವನು. ಮುಖ ಮುಚ್ಚಿಕೊಂಡು ಹೊರಗೆ ಹೋದ. ನಾನೂ ಎದ್ದೆ. ರೋಗಿ ನಾನಲ್ಲವಲ್ಲ.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತೆವು. ಡಾಕ್ಟರು ಬಂದು, ಎಲ್ಲಾ ಬಿಡಿಸಿ ಹೇಳಿದೆ, ತಿರುಗಿಸಿ ತಿರುಗಿಸಿ ಕೇಳಿದೆ, ಬೇಡ ಅಂತಲೇ ತಲೆ ಆಡಿಸಿದರು ಎಂದರು.

"ನಾನು ಸುಮ್ಕಿದ್ರೆ ಅಮ್ಮನ್ನ ನಾನೇ ಸಾಯಿಸ್ದಂಗೆ ಅಲ್ವಾ ಅಕ್ಕ?" ಎಂದ ಮಗ.

"ಹಂಗೇ ಅನ್ಸುತ್ತೆ. ಆದ್ರೆ ಗಂಟಲು ಅವ್ರದು ಕಣಪ್ಪ."

ಅಳುತ್ತಲೇ ಅಮ್ಮನನ್ನು ಮನೆಗೆ ಕರೆದುಕೊಂಡು ಹೋದ. ಹತ್ತಿ ಅದ್ದಿ ತುಟಿ ಒದ್ದೆ ಮಾಡುತ್ತಾ ಪಕ್ಕದಲ್ಲೇ ಕೂತಿದ್ದನಂತೆ. ವಾರ ತುಂಬುವುದರೊಳಗೆ ಹೋದರು. ನಾನು ಬಾಯಿ ಬಿಡದಿದ್ದರೆ ಇನ್ನೂ ಸ್ವಲ್ಪ ದಿನ ಇರುತ್ತಿದ್ದರೇನೋ. ಕೈ ಕಟ್ಟಿಸಿಕೊಂಡು ಇರುತ್ತಿದ್ದರು. ಎರಡೂ ನೆನಪಾಗುತ್ತವೆ, ಎರಡಕ್ಕೂ ಎದೆ ಉರಿಯುತ್ತದೆ.

ಹಿಂದೂಪುರದ ಆ ಬಾಗಿಲಿಗೆ ಬೀಗ ಬಿದ್ದಿದೆ. ಈಗ ನನಗೆ ಸಕ್ಕರೆ ಕಾಯಿಲೆ. ಬೇರೆ ಕಡೆ ಹೋದರೆ ಅಜ್ಜಿಗೆ ಏನು ತೊಂದರೆ ಎಂದು ನನ್ನ ಮಗನನ್ನು ಕೇಳುತ್ತಾರೆ. ಅವನು ಶುರು ಮಾಡುತ್ತಾನೆ. ನಾನು ಬಾಗಿಲ ಕಡೆ ಬೆರಳು ಮಾಡುತ್ತೇನೆ. ನನ್ನ ಬೆರಳು ನೆಟ್ಟಗೇ ಇದೆ. ಆದರೂ ಯಾರೂ ಏಳುವುದಿಲ್ಲ.