ಸೇವೆ ಬೇರೆ, ಧಂದೆ ಬೇರೆ

ನನ್ನ ಗಂಡ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಜಗಳವಾಡಿದ್ದು ‘ಸೇವೆ’ ಎಂಬ ಒಂದು ಪದಕ್ಕಾಗಿ. ಜಗಳ ಎಂದರೆ ದೊಡ್ಡ ಮಾತಾಯಿತು. ನಾನು ನಕ್ಕೆ, ಅವರು ಸಿಟ್ಟಾದವರಂತೆ ಮಾಡಿದರು.

ರಾಯಚೂರಿನಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮದು ಕಾಟಾ ರಿಪೇರಿ ಅಂಗಡಿ. ಕಿರಾಣಿಯವರ ಸಣ್ಣ ತೂಕದ ಯಂತ್ರದಿಂದ ಹಿಡಿದು ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಚೀಲ ತೂಗುವ ದೊಡ್ಡ ಕಾಟಾದವರೆಗೆ ಎಲ್ಲವನ್ನೂ ನನ್ನ ಗಂಡ ಬಿಚ್ಚಿ ಜೋಡಿಸುತ್ತಿದ್ದರು. ಮದುವೆಯಾದ ಮೇಲೆ ನಾನೂ ಪಕ್ಕದಲ್ಲಿ ಕೂತು ಕಲಿತೆ. ಈಚೆಗೆ ಗಿರಣಿಯವರು ಮೊಬೈಲಿನಲ್ಲಿ ಹುಡುಕಿ, ಅಲ್ಲಿ ಕಂಡವರನ್ನು ಕರೆಸತೊಡಗಿದ್ದರು. ನಾವು ಅಲ್ಲಿ ಕಾಣುತ್ತಿರಲಿಲ್ಲ. ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ ವೆಬ್‌ಸೈಟ್ ಮಾಡಿಕೊಡಲು ಒಪ್ಪಿ, ತುಂಬಬೇಕಾದ ಹಾಳೆಯೊಂದನ್ನು ಕೊಟ್ಟು ಹೋಗಿದ್ದ.

ವಿಳಾಸದ ಜಾಗದಲ್ಲಿ ಅವರು ‘ಯಾರನ್ನು ಕೇಳಿದರೂ ತೋರಿಸುತ್ತಾರೆ’ ಎಂದು ಬರೆದರು. ಅಂಗಡಿ ತೆರೆಯುವ ಸಮಯಕ್ಕೆ ‘ನಾನು ಬಂದಾಗ’. ‘ನಮ್ಮ ಸೇವೆಗಳು’ ಎಂಬಲ್ಲಿ ಬಹಳ ಹೊತ್ತು ಪೆನ್ನು ಕಚ್ಚುತ್ತಾ ಕೂತು, ಕೊನೆಗೆ ಬರೆದು ನನ್ನ ಕೈಗಿಟ್ಟರು: ಕುಡಿಯುವ ನೀರು. ಕೂಸುಗಳ ತೂಕ ನೋಡಿ ಹೇಳುವುದು. ಗಬ್ಬೂರು, ಕವಿತಾಳ ಕಡೆಯ ಬಸ್ಸಿನ ಟೈಮ್ ಹೇಳುವುದು.

ಕಾಟಾ ರಿಪೇರಿ ಎಲ್ಲಿ ಎಂದು ಕೇಳಿದೆ.

“ರೊಕ್ಕ ತಗೊಂಡು ಮಾಡೋದು ಧಂದೆ,” ಅಂದರು. “ಅದಕ್ಕ ಸೇವಾ ಅಂತ ಹೆಂಗ ಬರೀಲಿ? ದೇವರು ನಗಂಗಿಲ್ಲೇನು?”

ದೇವರ ಸಂಗತಿ ನನಗೆ ಗೊತ್ತಿಲ್ಲ, ಗಿರಾಕಿಗಳಂತೂ ನಗುತ್ತಾರೆ ಎಂದೆ. ಅವರು ಹಾಳೆ ಕಸಿದುಕೊಂಡು ತಾವೇ ಹೋಗಿ ಕೊಟ್ಟು ಬಂದರು. ಭಾವನನ್ನು ‘ಮಾಮಾ’ ಎನ್ನುತ್ತಾ ಅವರ ಮಾತಿಗೆ ಎದುರಾಡದ ನನ್ನ ತಮ್ಮ ಒಂದಕ್ಷರ ಬದಲಿಸದೆ ಸಂಜೆಯೊಳಗೆ ವೆಬ್‌ಸೈಟಿಗೆ ಹಾಕಿಬಿಟ್ಟ.

ಮರುದಿನ ಬೆಳಿಗ್ಗೆ ಮಾನ್ವಿಯ ಬಸ್ಸಿನಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿ ತೆರೆದೆ. ಹಳೆಯ ಗಿರಾಕಿಗಳು ಅದು ಮುಚ್ಚಿತೆಂದೇ ತಿಳಿದಿದ್ದರು. ಅಂಗಡಿಗಿದ್ದದ್ದು ದೇವರ ಹೆಸರು, ಹಾಗಾಗಿ ವೆಬ್‌ಸೈಟ್ ನೋಡಿದ ಹೊಸಬರಿಗೂ ನಾವು ಏನು ಮಾಡುತ್ತೇವೆಂದು ತಿಳಿಯುವಂತಿರಲಿಲ್ಲ. ಫೋನುಗಳೇನೋ ಬರುತ್ತಿದ್ದವು. ಗಬ್ಬೂರಿನ ಬಸ್ಸು ಹೋಯಿತೇ ಎಂದು ಕೇಳುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ ನೋಡಿ ಬಂದು ಹೇಳುತ್ತಿದ್ದೆ.

ಹೀಗೇ ನಡೆದರೆ ಅಂಗಡಿ ಉಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ತಮ್ಮ ಬಂದು, ಮಾಮಾ ಬರೆದದ್ದನ್ನು ತೆಗೆದುಬಿಡುತ್ತೇನೆ ಅಂದ. ನನ್ನ ಮುಖ ನೋಡದೆ ಅಂದ. ಅವರು ಬರೆದ ಕೊನೆಯ ಮಾತುಗಳು ಅವು. ಎರಡು ದಿನ ಯೋಚಿಸಿದೆ. ಆಮೇಲೆ ಅವನ ಅಂಗಡಿಗೇ ಹೋದೆ.

“ಅವರು ಬರದದ್ದು ಹಂಗ ಇರಲಿ. ಅದರ ಕೆಳಗ ‘ನಮ್ಮ ಧಂದೆ’ ಅಂತ ಇನ್ನೊಂದು ಹಾಕು. ಕಾಟಾ ರಿಪೇರಿ ಅಲ್ಲಿ ಬರಿ.”

“ಯಾವ ವೆಬ್‌ಸೈಟಿನ್ಯಾಗೂ ಹಿಂಗ ಇರಂಗಿಲ್ಲಕ್ಕಾ,” ಅಂದ. ಇದರಲ್ಲಿ ಇರಲಿ ಎಂದೆ.

ಕೆಲವು ದಿನಗಳಲ್ಲಿ ಮಾನ್ವಿಯ ಗಿರಣಿಯೊಂದರಿಂದ ಫೋನ್ ಬಂತು. ಯಾರನ್ನು ಕಳಿಸುತ್ತೀರಿ ಎಂದು ಮಾಲೀಕರು ಕೇಳಿದರು. ನಾನೇ ಬರುತ್ತೇನೆ ಎಂದೆ. ಅವರು “ನೀವಾ?” ಎಂದು ಕೇಳಿ, “ಬರ್ರಿ,” ಅಂದರು.

ಹೋಗಿ ಕಾಟಾ ಬಿಚ್ಚಿದೆ. ಒಳಗೆ ಕೂತಿದ್ದ ತೌಡು ತೆಗೆದು, ಕಡಿದ ತಂತಿಯೊಂದನ್ನು ಬೆಸೆದು, ಒಯ್ದಿದ್ದ ತೂಕದ ಕಲ್ಲುಗಳನ್ನಿಟ್ಟು ತೋರಿಸಿದೆ. ಸರಿಯಾಗಿತ್ತು. ಮಾಲೀಕರಿಗೆ ನಂಬಿಕೆ ಸಾಲಲಿಲ್ಲ. ಚಪ್ಪಲಿ ಬಿಟ್ಟು ತಾವೇ ಹತ್ತಿ ನಿಂತರು. ಅಂಕಿ ನೋಡಿ ಹೊಟ್ಟೆ ಒಳಗೆಳೆದುಕೊಂಡು ಮತ್ತೆ ನೋಡಿದರು.

“ಇನ್ನೂ ಜಾಸ್ತಿನೇ ತೋರಸ್ತದ ನೋಡ್ರಿ, ತಂಗಿ.”

ಹಮಾಲರು ಅತ್ತ ಮುಖ ತಿರುಗಿಸಿದರು. ಕಾಟಾ ಸರಿ ಅದರೀ ಎಂದಷ್ಟೇ ಹೇಳಿದೆ. ಅವರು ಇಳಿದು ಚಪ್ಪಲಿ ಹಾಕಿಕೊಳ್ಳುತ್ತಾ, ದೇವದುರ್ಗದ ತಮ್ಮ ಬೀಗರ ಅಂಗಡಿಯಲ್ಲೂ ಒಂದು ಕೆಟ್ಟಿದೆ, ಅಲ್ಲಿಗೂ ಹೋಗಿ ಬರ್ರಿ ಅಂದರು.

ಮರಳುವ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ. ಹೊಟ್ಟೆ ಒಳಗೆಳೆದುಕೊಂಡರೆ ತೂಕ ಇಳಿಯುತ್ತದೆಂದು ನಂಬಿದ ಗಿರಣಿ ಮಾಲೀಕರ ಸಂಗತಿ ಕೇಳಿದ್ದರೆ ನನ್ನ ಗಂಡ ಊಟ ಬಿಟ್ಟು ನಗುತ್ತಿದ್ದರು. ಮನೆಗೆ ಬಂದು ಹೇಳಲು ಅವರಿಲ್ಲ.