ಬೇಸಿಗೆ ರಜೆಗೆ ಹಾಸ್ಟೆಲ್ ಮುಚ್ಚಿದಾಗ

ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನಾನು ಎಣಿಸುವವಳೇ. ನಾಲ್ಕು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ, ಜಂತೆಗಳು ನನಗೆ ಚೆನ್ನಾಗಿ ಗೊತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ಹದಿಮೂರು ತುಂಬಿದಾಗ ಅಪ್ಪ ಅಮ್ಮನನ್ನು ಹೊಡೆದ. ಅಮ್ಮ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ, ಅಪ್ಪ ಜೈಲಿಗೆ ಹೋದ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಮಗೆ ಬಂಧುಗಳಿರಲಿಲ್ಲ. ನನ್ನ ಭಾಷೆಯವರ ಮನೆಯೇ ಆಗಲಿ ಎಂದು ಸರ್ಕಾರದವರು ಹುಡುಕಿ, ಪಾಪಕುರಾದಲ್ಲಿದ್ದ ಧಾರವಾಡ ಕಡೆಯ ದಂಪತಿಗೆ ಸಾಕಲು ಒಪ್ಪಿಸಿದರು. ಅವರಿಗೆ ನನಗಿಂತ ದೊಡ್ಡ ಮಗಳೊಬ್ಬಳಿದ್ದಳು. ಆಂಟಿ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಮುಟ್ಟಲೂ ಇಲ್ಲ. ಅಂಕಲ್ ಹಾಗಲ್ಲ. ಲೆಕ್ಕ ಹೇಳಿಕೊಡುತ್ತಿದ್ದರು, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದರು.

ಹದಿನೇಳಕ್ಕೆ ಕಡಲಾಚೆ ದಕ್ಷಿಣ ದ್ವೀಪದಲ್ಲಿರುವ ಡನೀಡಿನ್ನಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹೊರಡುವ ಮೊದಲು ಆಂಟಿ ಕನ್ನಡದವರನ್ನೆಲ್ಲ ಕರೆದು, ಎಲ್ಲರೆದುರು ನನಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಓದಲು ಹೋಗುವವಳಿಗೆ ಉಡಿ ತುಂಬುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಆಂಟಿಗೆ ನೋಡುವ ಜನ ಬೇಕಿತ್ತು. ಬಂದವರು ಹೆತ್ತವರಿಗಿಂತ ಹೆಚ್ಚು ಎಂದು ಹೊಗಳಿ, ಹೋಳಿಗೆ ಉಂಡು ಹೋದರು.

ಸರ್ಕಾರದ ಹೊಣೆ ಹದಿನೇಳಕ್ಕೆ ಮುಗಿಯಿತು, ಇನ್ನು ಆ ಮನೆಯವರಿಗೆ ಯಾವ ಕಟ್ಟುಪಾಡೂ ಇಲ್ಲ ಎಂದು ಸೋಶಿಯಲ್ ವರ್ಕರ್ ಹೆಂಗಸು ನನಗೆ ನಿಧಾನವಾಗಿ ಬಿಡಿಸಿ ಹೇಳಿದ್ದಳು. ಪಾಪ, ಬಿಳಿಯಳಿಗೇನು ಗೊತ್ತು ಅಂದುಕೊಂಡೆ. ಉಡಿ ತುಂಬಿದ ಮನೆ ತವರು, ತವರಿನ ಬಾಗಿಲು ಮಗಳಿಗೆ ಮುಚ್ಚುವುದಿಲ್ಲ ಎಂದು ನಂಬಿದೆ. ಅಂಥ ದಡ್ಡತನ ನಮ್ಮ ಕಡೆಯ ಹುಡುಗಿಗೆ ಮಾತ್ರ ಸಾಧ್ಯ.

ನವೆಂಬರಿನಲ್ಲಿ ಪರೀಕ್ಷೆ ಮುಗಿದ ಮರುದಿನವೇ ಹಾಸ್ಟೆಲ್ ಬಿಡಬೇಕು. ಇಲ್ಲಿ ಅದು ಬೇಸಿಗೆ ರಜೆ, ಮತ್ತೆ ಬಾಗಿಲು ತೆಗೆಯುವುದು ಫೆಬ್ರವರಿಗೆ. ಉಳಿದವರ ಅಪ್ಪಂದಿರು ಹಿಂಬದಿ ತೆರೆದ ಯೂಟ್ ಗಾಡಿ ತಂದು ಹಾಸಿಗೆ, ಪೆಟ್ಟಿಗೆ ಹೇರಿಕೊಂಡು ಹೋದರು. ನಾನು ಫೋನೂ ಮಾಡದೆ ಹೊರಟೆ. ತವರಿಗೆ ಹೋಗಲು ಯಾರು ಅಪ್ಪಣೆ ಕೇಳುತ್ತಾರೆ? ಬಸ್ಸು, ಹಡಗು, ಮತ್ತೆ ಬಸ್ಸು. ಬಾಗಿಲು ತೆರೆದ ಆಂಟಿ ನನ್ನ ಚೀಲ ನೋಡಿ, ಒಳಗೆ ಕರೆಯುವ ಮೊದಲೇ ಕೇಳಿದರು: "ಯಾವಾಗ ಹೋಗಾಕಿ?"

ಅವತ್ತೇ ಮಗಳನ್ನು ನೋಡಲು ರೊಟೊಟೂನದಿಂದ ಗಂಡಿನ ಕಡೆಯವರು ಬರುವವರಿದ್ದರು. ಜೈಲಿನಲ್ಲಿರುವವನ ಮಗಳು ಮನೆಯಲ್ಲಿದ್ದಾಳೆಂದು ಗೊತ್ತಾದರೆ ಸಂಬಂಧ ಮುರಿದೀತೆಂದು ಆಂಟಿಗೆ ಹೆದರಿಕೆ. ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಹೊರಗೆ ಬರಬೇಡ ಎಂದರು. ಆದರೆ ಗಂಡಿನ ತಾಯಿ ನೀರು ಕೇಳಿಕೊಂಡು ತಾವೇ ಒಳಗೆ ಬಂದರು. ನನ್ನ ಓದು ವಿಚಾರಿಸಿದರು, ಕೈ ಹಿಡಿದು ಹಾಲಿಗೆ ಕರೆತಂದು, ಈಕೆಯೂ ನಿಮ್ಮ ಮಗಳೇ ಎಂದು ಅಂಕಲ್‌ರನ್ನು ಕೇಳಿದರು. ಆಂಟಿಯ ಉತ್ತರ ನನಗೆ ಗೊತ್ತಿತ್ತು. ಅಂಕಲ್ ಹೌದು ಅನ್ನುತ್ತಾರೆಂದೇ ನಾನು ನಿಂತಿದ್ದೆ.

"ಅಲ್ರೀ," ಅಂದರು ಅಂಕಲ್. "ಅಕಿ ಸರ್ಕಾರದಾಕಿ. ಸ್ವಲ್ಪ ದಿನಾ ಇಟ್ಕೊಂಡಿದ್ವಿ."

ಹೇಳಿ ಚಹಾ ಗುಟುಕರಿಸಿದರು. ಆ ತಾಯಿ, ದೊಡ್ಡ ಪುಣ್ಯದ ಕೆಲಸ ಎಂದು ಅವರನ್ನೇ ಹೊಗಳಿದರು.

ಮರುದಿನ ಅಂಕಲ್ ನನ್ನನ್ನು ಕಾರಿನಲ್ಲಿ ರೈಲು ನಿಲ್ದಾಣಕ್ಕೆ ತಂದರು. ಮಗಳು ಒಪ್ಪಿಗೆಯಾಗಿದ್ದಾಳೆ, ಮದುವೆ ಮುಗಿಯುವ ತನಕ ಈ ಕಡೆ ಬರಬೇಡ ಎಂದು ದಾರಿಯಲ್ಲೇ ಹೇಳಿ ಮುಗಿಸಿದರು. ಫೆಬ್ರವರಿವರೆಗೆ ಎಲ್ಲಿರಲಿ ಎಂದು ನಾನು ಕೇಳಿದೆ. ಅವರು ಇಂಜಿನ್ ಆರಿಸಲಿಲ್ಲ.

"ನೀ ಶಾಣ್ಯಾಕಿ ಇದ್ದಿ," ಎಂದರು. "ಏನರೆ ಮಾಡ್ಕೋತಿ."

ಮಾಡಿಕೊಂಡೆ. ಮೋಟೆಲ್ ಒಂದರಲ್ಲಿ ಹಾಸಿಗೆ ಬದಲಿಸುವ ಕೆಲಸ ಹಿಡಿದು, ಬಟ್ಟೆ ಒಗೆಯುವ ಕೋಣೆಯ ಹಿಂದೆ ಮಲಗಿದೆ. ಅಲ್ಲಿಂದಾಚೆ ಪ್ರತಿ ಬೇಸಿಗೆಯೂ ಹಾಗೇ ಕಳೆಯಿತು. ಆಂಟಿಯ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಉಡಿಯನ್ನು ನಂಬಿದ್ದು ನನ್ನದೇ ದಡ್ಡತನ, ಅವರಾಗಿ ನನಗೆ ಯಾವ ಆಸೆಯನ್ನೂ ಹುಟ್ಟಿಸಿರಲಿಲ್ಲ. ಆಸೆ ಹುಟ್ಟಿಸಿದವರು ಅಂಕಲ್, ಅವರನ್ನು ನಾನು ಕ್ಷಮಿಸಿಲ್ಲ.

ಕಳೆದ ವರ್ಷ ಅಂಕಲ್ ತೀರಿಕೊಂಡರೆಂದು ಅವರ ಮಗಳು ಫೋನ್ ಮಾಡಿದಳು. ಮನೆಯವರಾದರೆ ಸುದ್ದಿ ಕೇಳಿದ ತಕ್ಷಣ ತಲೆಗೆ ನೀರು ಹಾಕಿಕೊಳ್ಳಬೇಕು. ನನಗೆ ಡ್ಯೂಟಿಗೆ ಹೊತ್ತಾಗಿತ್ತು. ತಲೆ ಬಾಚಿಕೊಂಡು ಹೋದೆ.